‘ಓದಿ ನೋಡಿ’ ಎಂದವರು ಯಾರು?

ಬಾಡಿಗೆ ಪುಸ್ತಕದಂಗಡಿಯಲ್ಲಿ ನೂರಾರು ಕೈ ದಾಟಿ ಬಂದ ಹಳೆಯ ಕಾದಂಬರಿಯೊಂದನ್ನು ತೆರೆದರೆ ಕಥೆಗಿಂತ ಮೊದಲು ಕಣ್ಣಿಗೆ ಬೀಳುವುದು ಪೆನ್ಸಿಲ್ಲಿನ ಬರಹ. ರಟ್ಟಿನ ಒಳಬದಿಯಲ್ಲಿ ಯಾರೋ ‘ತಪ್ಪದೆ ಓದಿ’ ಎಂದು ಬರೆದಿರುತ್ತಾರೆ. ಅದರ ಕೆಳಗೆ ಇನ್ನೊಬ್ಬರು ‘ಬರೀ ಬೋರು’ ಎಂದು ಗೀಚಿರುತ್ತಾರೆ. ಮೂರನೆಯವರಿಗೆ ಇದು ಸಹಿಸದೆ ಎರಡನೆಯವರ ರಸಿಕತೆಯ ಬಗ್ಗೆಯೇ ಒಂದು ಮಾತು ಸೇರಿಸಿರುತ್ತಾರೆ. ನಾಯಕಿ ಸಾಯುವ ಪುಟದ ಅಂಚಿನಲ್ಲಿ ‘ಅಯ್ಯೋ!’ ಎಂಬ ಉದ್ಗಾರ ಇದ್ದೇ ಇರುತ್ತದೆ. ಪುಸ್ತಕ ಹಾಳುಮಾಡಿದರೆಂದು ಅಂಗಡಿಯವನು ಗೊಣಗಿದರೂ ಮುಂದಿನ ಗಿರಾಕಿ ಮೊದಲು ಓದುವುದು ಅದನ್ನೇ.

ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಈ ಪೆನ್ಸಿಲ್ಲಿನವರಿಗೆ ಜಾಗವಿಲ್ಲ. ಯಾವ ಕೃತಿಯ ಬಗ್ಗೆ ಯಾವ ವಿಮರ್ಶಕರು ಏನು ಹೇಳಿದರೆಂಬುದು ದಾಖಲಾಗಿದೆ. ಆದರೆ ಕೃತಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದದ್ದು ಯಾರ ಮಾತಿನಿಂದ ಎಂಬುದು ದಾಖಲಾಗಿಲ್ಲ. ಕನ್ನಡದಲ್ಲಿ ಓದುವ ಅಭ್ಯಾಸ ಬೆಳೆದದ್ದು ಮಾತ್ರ ಹೆಚ್ಚಾಗಿ ಈ ಬಾಯಿಮಾತಿನ ಶಿಫಾರಸಿನಿಂದಲೇ.

ಅದರ ಮೊದಲ ದೊಡ್ಡ ಹೆಸರು ಗಳಗನಾಥರದು. ವೆಂಕಟೇಶ ತಿರಕೊ ಕುಲಕರ್ಣಿ (1869-1942) ಎಂಬುದು ಅವರ ನಿಜನಾಮ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕರ್ನಾಟಕದಲ್ಲಿ ಓದು ಬಲ್ಲ ಕನ್ನಡಿಗರ ಕೈಯಲ್ಲಿ ಇರುತ್ತಿದ್ದುದು ಮರಾಠಿ ಪುಸ್ತಕ. ಗಳಗನಾಥರು ಆ ಮರಾಠಿಯಿಂದಲೇ, ಮುಖ್ಯವಾಗಿ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಸ್ವತಂತ್ರವಾಗಿಯೂ ಬರೆದರು. ಬರೆದು ಸುಮ್ಮನಾಗಲಿಲ್ಲ. ಪುಸ್ತಕದ ಗಂಟನ್ನು ಹೊತ್ತುಕೊಂಡು ಊರೂರಿಗೆ ನಡೆದು, ಮನೆಬಾಗಿಲಲ್ಲಿ ನಿಂತು ‘ಇದನ್ನು ಓದಿ’ ಎಂದು ಮಾರಿದರು. ಲೇಖಕನೇ ತನ್ನ ಪುಸ್ತಕವನ್ನು ಹೊಗಳಿಕೊಳ್ಳುವುದು ಇಂದು ನಮಗೆ ಮುಜುಗರದ ಸಂಗತಿಯಾಗಿ ಕಾಣಬಹುದು. ಅಂದು ಅವರು ಮಾರುತ್ತಿದ್ದುದು ಒಂದು ಕಾದಂಬರಿಯನ್ನಷ್ಟೇ ಅಲ್ಲ, ಕನ್ನಡದಲ್ಲಿಯೂ ಓದಬಹುದೆಂಬ ನಂಬಿಕೆಯನ್ನು. ಮುಂದೆ ಜಿ.ಪಿ. ರಾಜರತ್ನಂ ಕೂಡ ಇದೇ ದಾರಿ ಹಿಡಿದು, ತಮ್ಮನ್ನು ‘ಸಾಹಿತ್ಯ ಪರಿಚಾರಕ’ ಎಂದು ಕರೆದುಕೊಂಡು ಪುಸ್ತಕ ಹೊತ್ತು ತಿರುಗಿದರು.

ಧಾರವಾಡದ ಮನೋಹರ ಗ್ರಂಥಮಾಲೆ ಈ ಕೆಲಸಕ್ಕೆ ಬೇರೊಂದು ರೂಪ ಕೊಟ್ಟಿತು. ‘ಜಡಭರತ’ರೆಂದು ಹೆಸರಾದ ಜಿ.ಬಿ. ಜೋಶಿಯವರು ಅದನ್ನು ಆರಂಭಿಸಿದ್ದು 1933ರಲ್ಲಿ. ಓದುಗರು ಮುಂಗಡವಾಗಿ ಚಂದಾ ಕೊಡಬೇಕು. ಯಾವ ಪುಸ್ತಕ ಬರುತ್ತದೆಂಬುದನ್ನು ಗ್ರಂಥಮಾಲೆ ನಿರ್ಧರಿಸುತ್ತದೆ. ಅಂದರೆ ಪುಸ್ತಕ ನೋಡದೆಯೇ ದುಡ್ಡು ಕೊಡುವುದು. ಇದು ನಡೆಯಬೇಕಾದರೆ ಆರಿಸುವವರ ರುಚಿಯ ಮೇಲೆ ಓದುಗನಿಗೆ ಭರವಸೆ ಇರಬೇಕು. ಗ್ರಂಥಮಾಲೆಯ ಪ್ರಸಿದ್ಧ ‘ಅಟ್ಟ’ದ ಮೇಲೆ ಸೇರುತ್ತಿದ್ದವರ ಸಾಲಿನಲ್ಲಿ ಬೇಂದ್ರೆಯವರೂ ಇದ್ದರು, ಮುಂದೆ ಕೀರ್ತಿನಾಥ ಕುರ್ತಕೋಟಿಯವರೂ ಇದ್ದರು ಎಂದ ಮೇಲೆ ಭರವಸೆಗೇನು ಕೊರತೆ? 1961ರಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’, 1965ರಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಹೊರಬಂದದ್ದು ಇಲ್ಲಿಂದಲೇ. ‘ಸಂಸ್ಕಾರ’ ಎಬ್ಬಿಸಿದ ಗದ್ದಲ ಎಲ್ಲರಿಗೂ ಗೊತ್ತಿದೆ. ಅಂಥ ಪುಸ್ತಕ, ಅದನ್ನು ತಾನಾಗಿ ಎಂದೂ ಕೊಳ್ಳದಿದ್ದ ಸಂಪ್ರದಾಯಸ್ಥ ಚಂದಾದಾರನ ಮನೆಗೂ ಹೋಗಿರಲೇಬೇಕು. ಒಳ್ಳೆಯ ಶಿಫಾರಸು ಓದುಗನಿಗೆ ಬೇಕಾದುದನ್ನಷ್ಟೇ ಕೊಡುವುದಿಲ್ಲ.

ಇನ್ನು ‘ಓದಬೇಡ’ ಎಂಬ ಶಿಫಾರಸು. ಅದಕ್ಕಿರುವ ಬಲ ‘ಓದು’ ಎಂಬುದಕ್ಕೆ ಎಂದೂ ಬಂದಿಲ್ಲ. ಅ.ನ. ಕೃಷ್ಣರಾಯರು ವೇಶ್ಯಾಸಮಸ್ಯೆಯನ್ನು ಎತ್ತಿಕೊಂಡು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಬರೆದಾಗ ಅಶ್ಲೀಲವೆಂಬ ಕೂಗೆದ್ದಿತು. ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರಿಸಬೇಕಾಯಿತು. ಹಿರಿಯರು ಬೈದಷ್ಟೂ ಕಾದಂಬರಿಗಳು ಪಠ್ಯಪುಸ್ತಕದೊಳಗೆ ಅಡಗಿ ಕುಳಿತವು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೂ ಇದೇ ಗತಿ, ಇದೇ ಭಾಗ್ಯ. ಅಗ್ಗದ ಕಾಗದದಲ್ಲಿ ಅಚ್ಚಾದ ಆ ಪತ್ತೇದಾರಿ ಕಥೆಗಳನ್ನು ಯಾವ ಉಪಾಧ್ಯಾಯರೂ ಹೊಗಳಲಿಲ್ಲ. ಆದರೆ ಓದುವ ಚಟ ಹತ್ತಿದ್ದು ನರಸಿಂಹಯ್ಯನವರಿಂದ ಎಂದು ಹೇಳಿಕೊಂಡ ಲೇಖಕರು ಕನ್ನಡದಲ್ಲಿ ಒಬ್ಬಿಬ್ಬರಲ್ಲ.

ಸರಕಾರವೂ ಈ ರಂಗಕ್ಕೆ ಬಂದಿತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ಸೇರಿತು. ಆ ಹಣದಿಂದ ಪುಸ್ತಕಗಳ ಸಗಟು ಖರೀದಿ ನಡೆಯಿತು. ಕೊಳ್ಳುವ ಶಕ್ತಿಯಿಲ್ಲದ ಓದುಗರಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. ಆದರೆ ಆಯ್ಕೆ ಸಮಿತಿಯೊಂದು ಒಪ್ಪಿದರೆ ಅಚ್ಚು ಹಾಕಿದ ಖರ್ಚು ಹುಟ್ಟುತ್ತದೆ ಎಂದಾದಾಗ ಕೆಲವು ಪ್ರಕಾಶಕರ ಕಣ್ಣು ಓದುಗನಿಂದ ಸಮಿತಿಯ ಕಡೆಗೆ ಹೊರಳಿತು. ಗಂಟು ಹೊತ್ತು ಮನೆಬಾಗಿಲಿಗೆ ಹೋಗುವ ಅಗತ್ಯ ಅವರಿಗೆ ಉಳಿಯಲಿಲ್ಲ.

ಬಾಯಿಮಾತಿನ ಶಿಫಾರಸು ತನ್ನ ನಿಜವಾದ ಶಕ್ತಿ ತೋರಿಸಿದ್ದು ಹೆಂಗಸರ ನಡುವೆ. ಐವತ್ತು, ಅರವತ್ತರ ದಶಕದಲ್ಲಿ ಅಕ್ಷರ ಕಲಿತ ಗೃಹಿಣಿಯರಿಗೆ ಸಾಹಿತ್ಯ ಗೋಷ್ಠಿ ದೂರ, ಪುಸ್ತಕದಂಗಡಿಯೂ ದೂರ. ವಾರಪತ್ರಿಕೆಯ ಧಾರಾವಾಹಿ ಮನೆಗೇ ಬರುತ್ತಿತ್ತು. ಅದರ ಹಾಳೆಗಳನ್ನು ಬಿಡಿಸಿ, ದಾರ ಹಾಕಿ ಹೊಲಿದು ಪುಸ್ತಕ ಮಾಡಿಟ್ಟುಕೊಳ್ಳುತ್ತಿದ್ದರು. ಉಳಿದದ್ದು ಬಾಡಿಗೆ ಪುಸ್ತಕ. ಹುಡುಗನನ್ನು ಅಂಗಡಿಗೆ ಅಟ್ಟುವಾಗ ‘ತ್ರಿವೇಣಿಯದು ಯಾವುದಿದ್ದರೂ ತಾ’ ಎಂದರೆ ಸಾಕಿತ್ತು. ಒಬ್ಬರು ತಂದದ್ದನ್ನು ಹಿಂತಿರುಗಿಸುವ ಮೊದಲು ಅಕ್ಕಪಕ್ಕದ ಮೂರು ಮನೆಯವರು ಓದಿರುತ್ತಿದ್ದರು. ಬಾಡಿಗೆ ಒಂದು, ಓದು ನಾಲ್ಕು.

ತ್ರಿವೇಣಿ (1928-1963) ಬದುಕಿದ್ದು ಮೂವತ್ತೈದೇ ವರ್ಷ. ಮನಶ್ಶಾಸ್ತ್ರ ಓದಿದ್ದ ಅವರು ‘ಶರಪಂಜರ’ದಲ್ಲಿ ಬರೆದದ್ದು ಮಾನಸಿಕ ಕಾಯಿಲೆಗೆ ತುತ್ತಾಗಿ, ಗುಣವಾಗಿ ಮನೆಗೆ ಮರಳಿದ ಹೆಣ್ಣಿನ ಕಥೆಯನ್ನು. ಕಾಯಿಲೆ ಬಿಟ್ಟರೂ ಮನೆಯವರ ಅನುಮಾನ ಅವಳನ್ನು ಬಿಡುವುದಿಲ್ಲ. ಅಂಥ ವಿಷಯವನ್ನು ಗಂಡನ ಮುಂದೆ, ಅತ್ತೆಯ ಮುಂದೆ ಆಡುವಂತಿರಲಿಲ್ಲ. ವೈದ್ಯರ ಮುಂದೆ ಆಡುವುದೂ ಸುಲಭವಿರಲಿಲ್ಲ. ಪಕ್ಕದ ಮನೆಯಾಕೆಗೆ ‘ಇದನ್ನೊಮ್ಮೆ ಓದಿ’ ಎಂದು ಪುಸ್ತಕ ಕೊಡುವುದು ಸಾಧ್ಯವಿತ್ತು. ಓದಿದ ಮೇಲೆ ಕಾವೇರಿಯ ಬಗ್ಗೆ ಮಾತಾಡಬಹುದಿತ್ತು. ಕಾವೇರಿಯ ನೆಪದಲ್ಲಿ ಇನ್ನೇನನ್ನಾದರೂ ಮಾತಾಡಬಹುದಿತ್ತು.

ವಿಮರ್ಶೆಯ ಲೋಕಕ್ಕೆ ಇದು ಕೇಳಿಸಲಿಲ್ಲ. ನವ್ಯದ ಭರದ ದಿನಗಳವು. ಕೃತಿಯ ತಂತ್ರ, ಭಾಷೆಯ ಬಿಗಿ ಇವೇ ಮುಖ್ಯವಾಗಿದ್ದವು. ಲೇಖಕಿಯರ ಕಾದಂಬರಿಗಳಿಗೆ ‘ಅಡುಗೆಮನೆ ಸಾಹಿತ್ಯ’ ಎಂಬ ಹೆಸರು ಬಿತ್ತು. ಅವುಗಳಲ್ಲಿ ಜೊಳ್ಳು ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು, ನವ್ಯದಲ್ಲಿಯೂ ಇತ್ತು. ಆದರೆ ನವ್ಯರ ಜೊಳ್ಳಿಗೆ ಪ್ರತ್ಯೇಕ ಹೆಸರಿಡುವ ಗೋಜಿಗೆ ಯಾರೂ ಹೋಗಲಿಲ್ಲ. ಈ ಓದುಗರ ಸಂಖ್ಯೆಯ ಅಂದಾಜು ಮೊದಲು ಸಿಕ್ಕಿದ್ದು ಚಿತ್ರರಂಗಕ್ಕೆ. ಪುಟ್ಟಣ್ಣ ಕಣಗಾಲರು ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು 1967ರಲ್ಲಿ, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯನ್ನು 1969ರಲ್ಲಿ, ‘ಶರಪಂಜರ’ವನ್ನು 1971ರಲ್ಲಿ ತೆರೆಗೆ ತಂದರು. ಕಥೆ ಮೊದಲೇ ಗೊತ್ತಿದ್ದ ಹೆಂಗಸರು ಗುಂಪು ಕಟ್ಟಿಕೊಂಡು ಹೋಗಿ ನೋಡಿದರು. ಪುಸ್ತಕದಲ್ಲಿದ್ದಂತೆ ಇಲ್ಲವೆಂದು ತಕರಾರನ್ನೂ ತೆಗೆದರು.

ಎಂ.ಕೆ. ಇಂದಿರಾ (1917-1994) ಬರೆಯಲು ಕುಳಿತದ್ದು ನಲವತ್ತು ದಾಟಿದ ಮೇಲೆ. ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ. 1976ರ ‘ಫಣಿಯಮ್ಮ’ ಅವರ ಕುಟುಂಬದಲ್ಲೇ ಬಾಳಿದ ಬಾಲವಿಧವೆಯೊಬ್ಬರ ಕಥೆ. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದರು. 1989ರಲ್ಲಿ ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದವನ್ನು ದೆಹಲಿಯ ಸ್ತ್ರೀವಾದಿ ಪ್ರಕಾಶನವೊಂದು ಪ್ರಕಟಿಸಿತು. ಆಮೇಲೆ ವಿಶ್ವವಿದ್ಯಾಲಯಗಳಲ್ಲಿ ಅದರ ಮೇಲೆ ಪ್ರಬಂಧಗಳು ಬಂದವು, ವಿಚಾರಗೋಷ್ಠಿಗಳು ನಡೆದವು. ಅಷ್ಟು ಹೊತ್ತಿಗೆ ಮಲೆನಾಡಿನ, ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಕಣ್ಣು ಕಾಣದೆಂದು ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿ ಹೇಳಿ ಮುಗಿಸಿದ್ದಳು.