ವಾಟ್ಸಾಪ್‌ನಲ್ಲಿ ಬರೋ ಸಮೀಕ್ಷೆ ನಂಬಬಹುದಾ? ಮಸ್ಕಿಯ 213 ಮತ ಹೇಳೋ ಲೆಕ್ಕ ಇಲ್ಲಿದೆ

ಸಿಂಧನೂರು: ಚುನಾವಣೆ ಹತ್ತಿರ ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಸಮೀಕ್ಷೆಗಳ ಹಾವಳಿ ಶುರು. 'ಇವರಿಗೆ ಶೇ 48, ಅವರಿಗೆ ಶೇ 45' ಅಂತ ಒಂದು ಫೋಟೊ ಬರುತ್ತೆ. ಯಾರು ಕೇಳಿದ್ರು, ಎಷ್ಟು ಜನರನ್ನ ಕೇಳಿದ್ರು ಅನ್ನೋದು ಅದರಲ್ಲಿ ಇರಲ್ಲ. ಸಂಜೆ ಹೊತ್ತಿಗೆ ಚಹಾ ಅಂಗಡಿ ಮುಂದೆ ಅದೇ ಮಾತು, ಅದರ ಮೇಲೆಯೇ ಬಾಜಿ.

ಹಾಗಾದ್ರೆ ಸಮೀಕ್ಷೆ ಅಂದ್ರೆ ಬರೀ ಸುಳ್ಳಾ? ಅಲ್ಲ. ಆದರೆ ಅದನ್ನು ನೋಡುವಾಗ ಕೆಲವು ಪ್ರಶ್ನೆ ಕೇಳಿಕೊಳ್ಳಲೇಬೇಕು.

ಎಷ್ಟು ಜನರನ್ನ ಕೇಳಿದ್ರು?

ಸರಿಯಾಗಿ ಆರಿಸಿದ 1,000 ಜನರನ್ನು ಕೇಳಿದರೂ ಬರುವ ಅಂಕಿ ಸುಮಾರು ಶೇ 3ರಷ್ಟು ಹೆಚ್ಚು ಕಡಿಮೆ ಆಗಬಹುದು. 400 ಜನ ಆದ್ರೆ ಶೇ 5, 200 ಜನ ಆದ್ರೆ ಶೇ 7. ಅಂದ್ರೆ 400 ಜನರ ಸಮೀಕ್ಷೆಯಲ್ಲಿ 48-45 ಬಂದಿದ್ದರೆ ಯಾರು ಮುಂದಿದ್ದಾರೆ ಅಂತ ಹೇಳೋಕೇ ಬರಲ್ಲ.

ಈಗ ನಮ್ಮ ಭಾಗದ ಲೆಕ್ಕ ನೋಡಿ. 2018ರಲ್ಲಿ ಮಸ್ಕಿಯಲ್ಲಿ ಪ್ರತಾಪಗೌಡ ಪಾಟೀಲ ಗೆದ್ದಿದ್ದು ಕೇವಲ 213 ಮತಗಳಿಂದ. ಅವರು ಮತ್ತು ಸೋತ ಬಸನಗೌಡ ತುರ್ವಿಹಾಳ, ಇಬ್ಬರಿಗೂ ತಲಾ 60 ಸಾವಿರದ ಮೇಲೆ ಮತ ಬಿದ್ದಿದ್ದವು. ಇಬ್ಬರ ಮತ ಕೂಡಿಸಿದರೆ ಅಂತರ ಸಾವಿರಕ್ಕೆ ಎರಡು ಮತವೂ ಇಲ್ಲ. ಅದೇ ವರ್ಷ ಸಿಂಧನೂರಿನಲ್ಲಿ ವೆಂಕಟರಾವ್ ನಾಡಗೌಡ ಅವರು ಹಂಪನಗೌಡ ಬಾದರ್ಲಿ ವಿರುದ್ಧ ಗೆದ್ದ ಅಂತರ 1,597. ಇಷ್ಟು ಸಣ್ಣ ಅಂತರವನ್ನ ಯಾವ ಸಮೀಕ್ಷೆಯೂ ಮೊದಲೇ ಹಿಡಿಯೋಕಾಗಲ್ಲ.

ರಾಜ್ಯದ್ದೋ, ಕ್ಷೇತ್ರದ್ದೋ?

2023ರ ವಿಧಾನಸಭಾ ಚುನಾವಣೆಗೆ ಮೊದಲು 'ಈದಿನ' ಜಾಲತಾಣ 204 ಕ್ಷೇತ್ರಗಳಲ್ಲಿ 41,169 ಜನರನ್ನು ಮಾತಾಡಿಸಿ, ಕಾಂಗ್ರೆಸ್‌ಗೆ 132ರಿಂದ 140 ಸ್ಥಾನ ಅಂತ ಹೇಳಿತ್ತು. ಬಂದಿದ್ದು 135. ಲೆಕ್ಕ ಸರಿಯಾಯ್ತು. ಆದರೆ ಅದೇ 41 ಸಾವಿರವನ್ನು ಕ್ಷೇತ್ರಕ್ಕೆ ಹಂಚಿದರೆ ಸರಾಸರಿ 200 ಜನ ಮಾತ್ರ. ರಾಜ್ಯದ ಗಾಳಿ ತಿಳಿಯೋಕೆ ಅದು ಸಾಕು, ಒಂದು ಕ್ಷೇತ್ರದ ಗೆಲುವು ಹೇಳೋಕೆ ಸಾಲದು.

ಆ ಸಲ ಸಿಂಧನೂರು, ಮಸ್ಕಿ ಕಾಂಗ್ರೆಸ್ ಪಾಲಾದವು. ಪಕ್ಕದ ಲಿಂಗಸುಗೂರಿನಲ್ಲಿ ಮಾತ್ರ ಬಿಜೆಪಿಯ ಮಾನಪ್ಪ ವಜ್ಜಲ ಮೂರು ಸಾವಿರದೊಳಗಿನ ಅಂತರದಲ್ಲಿ ಗೆದ್ದರು. ಹಾಗಾಗಿ ರಾಜ್ಯದ ಸಮೀಕ್ಷೆ ತೋರಿಸಿ 'ನಮ್ಮೂರಾಗೂ ಹಿಂಗ ಆಗ್ತೈತಿ' ಅಂದ್ರೆ ನಂಬಬೇಡಿ.

ಯಾರನ್ನ ಕೇಳಿದ್ರು?

ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಸಾಕು ಅಂತಾರೆ. ಕ್ಷೇತ್ರ ಹಂಗಲ್ಲ. ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ನೂರು ಜನರನ್ನು ಕೇಳಿದರೆ ಹಟ್ಟಿ ಚಿನ್ನದ ಗಣಿ ಕಾರ್ಮಿಕರ ಮನಸ್ಸು, ಮುದಗಲ್ ಓಣಿಗಳ ಮನಸ್ಸು ತಿಳಿಯಲ್ಲ. ಸಿಂಧನೂರಿನಲ್ಲಿ ಪೇಟೆ ಬೇರೆ, ಕಾಲುವೆ ನೀರಿನ ಕ್ಯಾಂಪ್‌ಗಳು ಬೇರೆ, ಬಂಗಾಳಿ ಪುನರ್ವಸತಿ ಕ್ಯಾಂಪ್‌ಗಳು ಬೇರೆ. ಮಸ್ಕಿಯಲ್ಲಿ ಉಪಚುನಾವಣೆ ಹೊತ್ತಿಗೆ 5ಎ ಕಾಲುವೆಗಾಗಿ ಹೋರಾಟಕ್ಕೆ ಕೂತ ಹಳ್ಳಿಗಳನ್ನ ಬಿಟ್ಟು ಪಟ್ಟಣದಲ್ಲಷ್ಟೇ ಕೇಳಿದ್ದರೆ ಅರ್ಧ ಉತ್ತರವೇ ಸಿಗ್ತಿರಲಿಲ್ಲ.

ಇನ್ನು ಗುಳೆ ಹೋದವರು. ಬೆಂಗಳೂರಲ್ಲೋ ಪುಣೆಯಲ್ಲೋ ಕೆಲಸಕ್ಕಿರುವವರು ಸಮೀಕ್ಷೆಯವರ ಕೈಗೆ ಸಿಗಲ್ಲ, ಮತದಾನದ ದಿನ ಬಸ್ ಹತ್ತಿ ಬರಬಹುದು. ಮನೆಯಲ್ಲಿ ಹೆಂಗಸರನ್ನು ಕೇಳಿದರೆ ಗಂಡಸರೇ ಉತ್ತರ ಕೊಡೋದೂ ಉಂಟು. ಅಪರಿಚಿತರು ಕೇಳಿದ್ರೆ 'ನಿಮಗೇ ಹಾಕ್ತೀವ್ರಿ' ಅಂತ ಎಲ್ಲರಿಗೂ ಹೇಳಿ ಕಳಿಸೋರೂ ಇದ್ದಾರೆ.

ಏನಂತ ಕೇಳಿದ್ರು?

2018ರಲ್ಲಿ ಮಸ್ಕಿಯಲ್ಲಿ ಪ್ರತಾಪಗೌಡ ಕಾಂಗ್ರೆಸ್, ಬಸನಗೌಡ ಬಿಜೆಪಿ. 2021ರ ಏಪ್ರಿಲ್ 17ರ ಉಪಚುನಾವಣೆಗೆ ಅದೇ ಇಬ್ಬರು, ಪಕ್ಷ ಮಾತ್ರ ಅದಲು ಬದಲು. ಈ ಸಲ ಬಸನಗೌಡ 30 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಇಂಥ ಕಡೆ 'ಯಾವ ಪಕ್ಷ' ಅಂತ ಕೇಳಿದರೆ ಒಂದು ಉತ್ತರ, 'ಯಾವ ಅಭ್ಯರ್ಥಿ' ಅಂತ ಕೇಳಿದರೆ ಇನ್ನೊಂದು ಉತ್ತರ ಬರಬಹುದು. ಪ್ರಶ್ನೆಯನ್ನ ಹೇಳದ ಸಮೀಕ್ಷೆಗೆ ಬೆಲೆ ಇಲ್ಲ.

ಕಾನೂನು ಏನು ಹೇಳುತ್ತೆ?

ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಮತದಾನ ಮುಗಿಯುವ ಮೊದಲಿನ 48 ಗಂಟೆ ಟಿ.ವಿ. ಮುಂತಾದವುಗಳಲ್ಲಿ ಜನಾಭಿಪ್ರಾಯ ಸಮೀಕ್ಷೆ ತೋರಿಸುವಂತಿಲ್ಲ. ಮತಗಟ್ಟೆ ಸಮೀಕ್ಷೆಗೆ ಇನ್ನೂ ಬಿಗಿ. ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಪ್ರಕಾರ ನಿಷೇಧದ ಅವಧಿಯಲ್ಲಿ ಅದನ್ನು ಪ್ರಕಟಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮಸ್ಕಿಯಲ್ಲಿ ಏಪ್ರಿಲ್ 17ಕ್ಕೇ ಮತದಾನ ಮುಗಿದರೂ, ಪಶ್ಚಿಮ ಬಂಗಾಳದ ಕೊನೆಯ ಹಂತ ಇದ್ದಿದ್ದರಿಂದ ಏಪ್ರಿಲ್ 29ರ ಸಂಜೆವರೆಗೆ ನಿಷೇಧ ಇತ್ತು.

ಕೊನೆಗೆ ಒಂದು ಮಾತು. 2018ರಲ್ಲಿ ಮಸ್ಕಿಯಲ್ಲಿ ಗೆದ್ದವರ ಕಡೆಯ 107 ಜನ ಎದುರಾಳಿಗೆ ಮತ ಹಾಕಿದ್ದರೆ ಶಾಸಕರೇ ಬೇರೆ ಆಗ್ತಿದ್ದರು. 107 ಜನ ಅಂದ್ರೆ ಒಂದು ಓಣಿ. ಮೊಬೈಲ್‌ಗೆ ಬಂದ ಫೋಟೊ ನೋಡಿ 'ಹೆಂಗೂ ಅವರೇ ಗೆಲ್ತಾರ ಬಿಡು' ಅಂತ ಮನೇಲಿ ಕೂರೋ ಮೊದಲು ಆ ಓಣಿ ನಿಮ್ಮದೇ ಇರಬಹುದು ಅನ್ನೋದು ನೆನಪಿರಲಿ.