ಗ್ರಹಣಿಯ ಬೆನ್ನು ಹತ್ತಿದವರು

ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಯಲ್ಲಾಪ್ರಗಡ ಸುಬ್ಬರಾವ್ ಅವರ ಇಬ್ಬರು ಸಹೋದರರು ಹೀಗೇ ಸೊರಗುತ್ತ ಹೋದರು. ನಾಲಿಗೆ ಹುಣ್ಣಾಯಿತು, ಭೇದಿ ನಿಲ್ಲಲಿಲ್ಲ, ಮುಖ ಬಿಳಿಚಿತು. ಕೆಲವೇ ದಿನಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು. ನಾಟಿ ವೈದ್ಯರು ಗ್ರಹಣಿ ಎಂದರು, ಇಂಗ್ಲಿಷ್ ಡಾಕ್ಟರರು ಸ್ಪ್ರೂ ಎಂದರು. ಡಾಕ್ಟರರ ಬಳಿ ಹೆಸರಿತ್ತು, ಮದ್ದಿರಲಿಲ್ಲ.

ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಸುಬ್ಬರಾವ್ ಹುಡುಗನಾಗಿದ್ದಾಗ ಕಾಶಿಗೆ ಓಡಿಹೋಗಿ ಬಾಳೆಹಣ್ಣು ಮಾರಲು ಹೊರಟವರು. ಮೆಟ್ರಿಕ್‌ನಲ್ಲಿ ಎರಡು ಸಲ ನಪಾಸಾಗಿ, ಕೊನೆಗೆ ತಿರುವಲ್ಲಿಕೇಣಿಯ ಹಿಂದೂ ಹೈಸ್ಕೂಲಿನಿಂದ ಪಾಸಾದರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಖಾದಿ ತೊಟ್ಟದ್ದಕ್ಕೆ ಆಂಗ್ಲ ಪ್ರಾಧ್ಯಾಪಕರು ಮುನಿದರು; ಎಂಬಿಬಿಎಸ್ ಕೈತಪ್ಪಿ, ಕೆಳದರ್ಜೆಯ ಎಲ್‌ಎಂಎಸ್ ಸಿಕ್ಕಿತು. ಅಣ್ಣತಮ್ಮಂದಿರನ್ನು ನುಂಗಿದ ರೋಗ ಅವರನ್ನೂ ಹಿಡಿಯಿತು. ಡಾ. ಆಚಂಟ ಲಕ್ಷ್ಮೀಪತಿಗಳ ಆಯುರ್ವೇದ ಚಿಕಿತ್ಸೆಯಿಂದ ಬದುಕಿಕೊಂಡರು. ಆದರೆ ಆ ಮದ್ದಿನಲ್ಲಿ ಕೆಲಸ ಮಾಡಿದ್ದು ಯಾವುದು? ಪ್ರಶ್ನೆ ಬೆನ್ನು ಬಿಡಲಿಲ್ಲ.

1923ರಲ್ಲಿ ಪತ್ನಿ ಶೇಷಗಿರಿಯನ್ನು ಊರಿನಲ್ಲೇ ಬಿಟ್ಟು ಹಡಗು ಹತ್ತಿದರು. ಬಾಸ್ಟನ್‌ನಲ್ಲಿ ಹಗಲು ಹಾರ್ವರ್ಡ್, ರಾತ್ರಿ ಆಸ್ಪತ್ರೆಯಲ್ಲಿ ಕೂಲಿ. ಸೈರಸ್ ಫಿಸ್ಕ್ ಜೊತೆ ಮಾಡಿದ ರಂಜಕದ ಸಂಶೋಧನೆ ಹೆಸರು ತಂದಿತು, ಕಾಯಂ ಹುದ್ದೆ ತರಲಿಲ್ಲ. ಮಾರಕ ರಕ್ತಹೀನತೆಗೆ ಯಕೃತ್ತು ತಿನ್ನಿಸಿದರೆ ಗುಣವಾಗುತ್ತದೆಂದು 1926ರಲ್ಲಿ ತಿಳಿದಿತ್ತು. ಯಕೃತ್ತಿನೊಳಗಿನ ಆ ಅಂಶವನ್ನು ಹೊರತೆಗೆಯುವ ಹಟ ಅವರಿಗೆ ಅಂಟಿಕೊಂಡಿತು.

ಅತ್ತ ಮುಂಬಯಿಯಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ ಗಿರಣಿ ಕಾರ್ಮಿಕರ ಕೇರಿಗಳಲ್ಲಿ ಬಸುರಿಯರ ರಕ್ತಹೀನತೆಯ ಕಾರಣ ಹುಡುಕುತ್ತಿದ್ದರು. ರೋಗಾಣು ಸಿಗಲಿಲ್ಲ. ಇಲಿಗಳಾದವು, ಕೋತಿಗಳಾದವು. ಸೊರಗಿದ್ದ ಕೋತಿಗೆ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ಕೊಟ್ಟು ನೋಡಿದರು. ಅದು ಚೇತರಿಸಿಕೊಂಡಿತು, ಬಸುರಿಯರೂ ಚೇತರಿಸಿಕೊಂಡರು. 1931ರಲ್ಲಿ ಅದನ್ನು ಪ್ರಕಟಿಸಿದರು. ಸಾರದೊಳಗಿನ ವಸ್ತು ಮಾತ್ರ ಅಡಗಿಯೇ ಇತ್ತು.

ಸುಬ್ಬರಾವ್ 1940ರಲ್ಲಿ ಲೆಡರ್ಲೆ ಔಷಧ ಕಂಪನಿ ಸೇರಿದರು. ಹಾಲು ಹುಳಿಸುವ ಜಾತಿಯ ಒಂದು ಬ್ಯಾಕ್ಟೀರಿಯಾ ಅವರ ತಂಡಕ್ಕೆ ದಾರಿದೀಪವಾಯಿತು: ಅದು ಬೆಳೆದರೆ ವಸ್ತು ಇದೆ, ಬೆಳೆಯದಿದ್ದರೆ ಇಲ್ಲ. ಯಕೃತ್ತನ್ನು ಎಷ್ಟು ಅರೆದರೂ ಚಿಟಿಕೆಯಷ್ಟೇ ಸಿಗುತ್ತಿತ್ತು. ಟೆಕ್ಸಾಸಿನಲ್ಲಿ ಬೇರೊಂದು ತಂಡ ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ 1941ರಲ್ಲಿ ಅದನ್ನೇ ಬೇರ್ಪಡಿಸಿ ಫೋಲಿಕ್ ಆಮ್ಲವೆಂದು ಕರೆಯಿತು. ಸುಬ್ಬರಾವ್ ಅವರ ತಂಡ 1945ರಲ್ಲಿ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿತು.

ಅಲ್ಲೊಂದು ತಿರುವು. ಅವರು ಅಷ್ಟು ವರ್ಷ ಹುಡುಕಿದ್ದ ಮಾರಕ ರಕ್ತಹೀನತೆಯ ನಿಜವಾದ ಮದ್ದು ಇದಾಗಿರಲಿಲ್ಲ; ಅದು ಬಿ12 ಎಂದು 1948ರಲ್ಲಿ ಗೊತ್ತಾಯಿತು. ಆದರೆ ಟಾಮ್ ಸ್ಪೈಸ್ ಎಂಬ ವೈದ್ಯರು ಕ್ಯೂಬಾದ ಸ್ಪ್ರೂ ರೋಗಿಗಳಿಗೆ ಫೋಲಿಕ್ ಆಮ್ಲ ಕೊಟ್ಟಾಗ ಅವರಿಗೆ ಹಸಿವು ಮರಳಿತು, ರಕ್ತ ತುಂಬಿತು. ಗುರಿ ತಪ್ಪಿದ ಬಾಣ ಸುಬ್ಬರಾವ್ ಅವರ ಮನೆಯ ಹಳೆಯ ವೈರಿಗೇ ನಾಟಿತ್ತು. ತಾಯ್ನಾಡಿಗೆ ಮರಳದೆ, 1948ರ ಆಗಸ್ಟ್‌ನಲ್ಲಿ ಅವರು 53ನೇ ವಯಸ್ಸಿನಲ್ಲಿ ನಿದ್ದೆಯಲ್ಲೇ ತೀರಿಕೊಂಡರು.

ರೋಗದ ಒಳಗುಟ್ಟು ಆಮೇಲೆ ಬಿಡಿಸಿಕೊಂಡಿತು. ಸಣ್ಣ ಕರುಳಿನ ಒಳಮೈ ಮಖಮಲ್ಲಿನಂತೆ ನವಿರು ಕುಡಿಗಳಿಂದ ತುಂಬಿದೆ. ಜೀರ್ಣವಾದ ಆಹಾರ ರಕ್ತ ಸೇರುವುದು ಅವುಗಳ ಮೂಲಕ. ಸೊಪ್ಪು-ಕಾಳುಗಳ ಫೋಲೇಟ್ ಉದ್ದ ಸರಪಳಿಯಾಗಿ ಬರುತ್ತದೆ. ಕುಡಿಗಳ ಮೇಲಿನ ಕಿಣ್ವ ಅದನ್ನು ಕತ್ತರಿಸಿದ ಮೇಲೆಯೇ ಒಳಗೆ ಪ್ರವೇಶ. ಸ್ಪ್ರೂನಲ್ಲಿ ಕುಡಿಗಳು ಸವೆಯುತ್ತವೆ, ಫೋಲೇಟ್ ಹೊರಗುಳಿಯುತ್ತದೆ. ಕೆಲವೇ ದಿನಗಳಿಗೊಮ್ಮೆ ಹೊಸದಾಗುವ ಕರುಳಿನ ಪದರಕ್ಕೆ ಫೋಲೇಟ್ ಬೇಕೇ ಬೇಕು. ಅದು ಸಿಗದೆ ಕುಡಿಗಳು ಇನ್ನಷ್ಟು ಸವೆಯುತ್ತವೆ. ಮಾತ್ರೆಯ ಫೋಲಿಕ್ ಆಮ್ಲದಲ್ಲಿ ಕತ್ತರಿಸಬೇಕಾದ ಸರಪಳಿಯೇ ಇಲ್ಲ. ಹಾಗಾಗಿ ಸವೆದ ಕರುಳೂ ಅದನ್ನು ಹೀರಿಕೊಳ್ಳಬಲ್ಲದು. ಇಂದಿಗೂ ಸ್ಪ್ರೂ ರೋಗಿಗೆ ಈ ಮಾತ್ರೆಯನ್ನು ಆ್ಯಂಟಿಬಯಾಟಿಕ್ ಜೊತೆ ತಿಂಗಳುಗಟ್ಟಲೆ ಕೊಡುತ್ತಾರೆ.