ಶರಾವತಿಯಲ್ಲಿ ದೋಣಿಯ ಪಯಣ

ನದಿಯಲ್ಲಿ ದೋಣಿಯ ಪಯಣವೆಂದೊಡನೆ ಬೆಳದಿಂಗಳು, ತಂಗಾಳಿ, ಅಂಬಿಗನ ಹಾಡು ನಮ್ಮ ಕಣ್ಣಮುಂದೆ ಸುಳಿಯುತ್ತವೆ. ಕವಿಗಳು ಕೊಟ್ಟ ಈ ಚಿತ್ರ ಸುಳ್ಳೇನೂ ಅಲ್ಲ. ಆದರೆ ದಿನನಿತ್ಯವೂ ದೋಣಿಯನ್ನೇ ನೆಚ್ಚಿ ಬದುಕಿದವರು ಮೊದಲು ಹೇಳುವುದು ಕಾಯುವಿಕೆಯ ಮಾತನ್ನು. ಈ ಕಾಯುವಿಕೆಯಲ್ಲಿಯೂ ಎರಡು ಬಗೆ. ಅವೆರಡನ್ನೂ ನಾನು ಶರಾವತಿಯೊಂದರಲ್ಲೇ ಕಂಡಿದ್ದೇನೆ.

ಘಟ್ಟದ ಕೆಳಗೆ, ಗೇರುಸೊಪ್ಪೆಯಿಂದ ಹೊನ್ನಾವರದವರೆಗೆ ಸುಮಾರು 30 ಕಿಲೋಮೀಟರು, ಈ ನದಿ ನಿಧಾನವಾಗಿ ಹರಿದು ಕಡಲನ್ನು ಸೇರುತ್ತದೆ. 16ನೆಯ ಶತಮಾನದಲ್ಲಿ, ರಾಣಿ ಚೆನ್ನಭೈರಾದೇವಿಯ ಕಾಲಕ್ಕೆ, ಘಟ್ಟದ ಮೆಣಸು ಕಡಲಿಗಿಳಿದದ್ದು ಈ ಜಲಮಾರ್ಗದಲ್ಲಿ. ಬ್ರಿಟಿಷರ ಆಳ್ವಿಕೆಯಲ್ಲಿ ಜೋಗ ನೋಡಹೊರಟವರೂ ಹೊನ್ನಾವರದಲ್ಲಿ ದೋಣಿ ಹತ್ತಿ, ಗೇರುಸೊಪ್ಪೆಯಲ್ಲಿ ಇಳಿದು ಘಟ್ಟವೇರುತ್ತಿದ್ದರು.

ಇಲ್ಲಿ ಹೊತ್ತನ್ನು ಗೊತ್ತುಮಾಡುತ್ತಿದ್ದುದು ಕಡಲು. ಉಬ್ಬರದಲ್ಲಿ ಉಪ್ಪುನೀರು ನದಿಯೊಳಕ್ಕೆ ನುಗ್ಗುತ್ತದೆ, ಇಳಿತದಲ್ಲಿ ಹಿಂದೆಗೆಯುತ್ತದೆ. ಮೇಲಕ್ಕೆ ಹೋಗುವ ದೋಣಿಗೆ ಉಬ್ಬರ ಬೇಕು, ಕೆಳಕ್ಕೆ ಬರುವ ದೋಣಿಗೆ ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದುದರಿಂದ ಇಂದು ಆರು ಗಂಟೆಗೆ ಹೊರಡುವ ದೋಣಿ ನಾಳೆ ಹೊರಡುವುದು ಆರು ಐವತ್ತರ ಸುಮಾರಿಗೆ. ದೋಣಿಯವರು ತಿಥಿ ಹಿಡಿದು ಇದನ್ನು ಲೆಕ್ಕಹಾಕುತ್ತಿದ್ದರು. ಲೆಕ್ಕ ತಪ್ಪಿ ನಡುಹೊಳೆಯಲ್ಲಿ ನೀರು ತಿರುಗಿತೆಂದರೆ ಹುಟ್ಟುಹಾಕುವ ತೋಳು ಸೋಲುವುದು. ಮರಳದಿಬ್ಬಕ್ಕೆ ತಗುಲಿದರೆ ಮುಂದಿನ ಉಬ್ಬರದವರೆಗೆ ಅಲ್ಲಿಯೇ ಬೀಡು. ಇಳಿತದ ವೇಳೆಗೆ ದಡ ಮುಟ್ಟಿದವರಿಗೆ ಮೊಣಕಾಲುದ್ದ ಕೆಸರು: ಚಪ್ಪಲಿ ಕೈಯಲ್ಲಿ, ಗಂಟು ತಲೆಯ ಮೇಲೆ. ಇಷ್ಟಾದರೂ ಯಾರನ್ನೂ ದೂರುವಂತಿರಲಿಲ್ಲ. ಅದು ನೀರಿನ ನಿಯಮ. ತಿಳಿದವನು ಅದರೊಡನೆ ಹೊಂದಿಕೊಂಡು ಹೋಗಬಹುದಾಗಿತ್ತು.

ಘಟ್ಟದ ಮೇಲಿನ ಮಾತು ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಗಿ ಹಿನ್ನೀರು ಹರಡಿದಾಗ, ತುಮರಿಯ ಸುತ್ತಲಿನ ಹಳ್ಳಿಗಳಿಗೆ ಸಾಗರದ ಹಾದಿ ನೀರಿನಡಿ ಸೇರಿತು. ಅಂದಿನಿಂದ ಅವರಿಗೆ ಹೊಳೆಬಾಗಿಲಿನ ಲಾಂಚೇ ಗತಿಯಾಯಿತು. ಅದರಲ್ಲಿ ನಾನು ಹಲವು ಬಾರಿ ಪಯಣಿಸಿದ್ದೇನೆ. ಬಸ್ಸು, ಅಡಕೆಯ ಮೂಟೆ, ಶಾಲೆಯ ಮಕ್ಕಳು, ನೆಂಟರ ಮನೆಗೆ ಹೊರಟ ಮುದುಕಿ, ಎಲ್ಲರೂ ಒಂದೇ ಹಲಗೆಯ ಮೇಲೆ. ರಜೆಯ ದಿನಗಳಲ್ಲಿ ಸಿಗಂದೂರಿನ ಯಾತ್ರಿಕರ ವಾಹನಗಳ ಸಾಲಿನಲ್ಲಿ ಊರಿನವರ ಸರದಿ ಹಿಂದಾಗುತ್ತಿತ್ತು. ಜಲಾಶಯದ ಪೂರ್ಣಮಟ್ಟ 1819 ಅಡಿ. ಬೇಸಗೆಯಲ್ಲಿ ನೀರು ಬಹಳ ಇಳಿದರೆ ಲಾಂಚು ದಡಕ್ಕೆ ಸರಿಯಾಗಿ ತಾಗದೆ ವಾಹನಗಳನ್ನು ಹತ್ತಿಸಿಕೊಳ್ಳುವುದು ನಿಲ್ಲುತ್ತಿತ್ತು.

ಒಂದು ಸಂಜೆ ಕೊನೆಯ ಲಾಂಚು ಹೊರಟುಹೋದ ಮೇಲೆ ಜ್ವರದ ಮಗುವನ್ನು ಹೊತ್ತ ತಾಯಿಯೊಬ್ಬಳು ದಡಕ್ಕೆ ಬಂದಳು. “ಇನ್ನು ಬೆಳಿಗ್ಗೆಯೇ ತಾಯಿ” ಎಂದರು ಅಲ್ಲಿದ್ದವರು. ಆಕೆ ಮರುಮಾತಾಡದೆ ಮಗುವಿಗೆ ಸೆರಗು ಹೊದಿಸಿ ಕುಳಿತಳು. ಈ ಕಾಯುವಿಕೆಗೆ ತಿಥಿಯಿಲ್ಲ, ಪಂಚಾಂಗವಿಲ್ಲ. ಇದನ್ನು ತಂದವಳು ನದಿಯಲ್ಲ. ನಾಡಿಗೆ ಬೆಳಕಾಗಲೆಂದು ಗದ್ದೆ ತೋಟಗಳನ್ನು ನೀರಿಗೆ ಬಿಟ್ಟವರಿಗೆ ನಾವು ಕೊಟ್ಟದ್ದು ಇದು.

ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಣ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು. ಅಣೆಕಟ್ಟು ಮುಗಿದು 61 ವರ್ಷಗಳಾದ ಮೇಲೆ. ಲಾಂಚಿನ ಸೊಗಸು ಹೋಯಿತೆಂದು ಮರುಗುವ ರಸಿಕರು ನಮ್ಮಲ್ಲಿದ್ದಾರೆ. ಆ ಸೊಗಸನ್ನು ನಾನೂ ಬಲ್ಲೆ. ಆದರೆ ಹೊಳೆಬಾಗಿಲಿನ ದಡದಲ್ಲಿ ಇರುಳು ಕಳೆದವರನ್ನು ಒಂದು ಮಾತು ಕೇಳಿದ ಮೇಲೆ ಮರುಗುವುದು ಲೇಸು.